ಶೆಡ್ ಮೇಲೆ ಗಾಳಿ ಗಿರಗಿಟ್ಲೆ ಕೂರಿಸುವ ಮುಂಚೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ದಾವಣಗೆರೆ ಕಡೆ. ಮೆಕ್ಕೆಜೋಳ, ಒಂದಿಷ್ಟು ಅಡಿಕೆ. ಫಸಲು ಇಡೋಕೆ ಅಂತ 20 ಅಡಿ ಅಗಲ, 40 ಅಡಿ ಉದ್ದದ ತಗಡಿನ ಶೆಡ್ ಇದೆ. ಅದರ ನೆತ್ತಿ ಮೇಲೆ ಎರಡು ಟರ್ಬೋ ವೆಂಟಿಲೇಟರ್ ತಿರುಗ್ತಾ ಇರುತ್ತವೆ. ಶೆಡ್ ರಸ್ತೆ ಪಕ್ಕದಲ್ಲೇ ಇರೋದರಿಂದ ಹೋಗೋ ಬರೋರು ಬೈಕ್ ನಿಲ್ಲಿಸಿ ಕೇಳ್ತಾರೆ, ಸಂಬಂಧಿಕರು ಫೋನ್ ಮಾಡಿ ಕೇಳ್ತಾರೆ, ಎಲ್ಲರದ್ದೂ ಹೆಚ್ಚುಕಮ್ಮಿ ಅದೇ ಪ್ರಶ್ನೆ. ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ. ನಾನು ಇಂಜಿನಿಯರ್ ಅಲ್ಲ. ಒಂದು ಸಲ ತಪ್ಪಾಗಿ ಕೂರಿಸಿ, ನಷ್ಟ ಮಾಡಿಕೊಂಡು, ಆಮೇಲೆ ಸರಿಯಾಗಿ ಕೂರಿಸಿಕೊಂಡವನು.

ಅದೇನದು ತಗಡಿನ ಮೇಲೆ ಗಿರಗಿರ ತಿರುಗ್ತಿರೋದು? ಕರೆಂಟ್ ಎಷ್ಟು ಎಳೆಯುತ್ತೆ?

ಒಂದು ಯೂನಿಟ್ಟೂ ಎಳೆಯಲ್ಲ. ಅದರಲ್ಲಿ ಮೋಟಾರೇ ಇಲ್ಲ. ಅಂಗಡಿಯಲ್ಲಿ ಟರ್ಬೋ ವೆಂಟಿಲೇಟರ್ ಅಂತ ಕೇಳಿದರೆ ಕೊಡ್ತಾರೆ, ನಮ್ಮ ಕಡೆ ಗಿರಗಿಟ್ಲೆ ಅಂತಲೇ ಕರೀತಾರೆ. ಬಾಗಿದ ತಗಡಿನ ಪಟ್ಟಿಗಳನ್ನು ಸುತ್ತ ಜೋಡಿಸಿ ಮಾಡಿದ ಗುಂಡನೆಯ ತಲೆ, ನಡುವೆ ಒಂದು ಕಂಬಿ, ಕಂಬಿಗೆ ಬೇರಿಂಗ್. ಹೊರಗಿನ ಗಾಳಿ ಪಟ್ಟಿಗೆ ಬಡಿದಾಗ ತಲೆ ತಿರುಗುತ್ತೆ, ತಿರುಗಿದಾಗ ಒಳಗಿನ ಗಾಳಿಯನ್ನು ಮೇಲಕ್ಕೆ ಎಳೆದು ಹೊರಗೆ ಬಿಡುತ್ತೆ. ಗಾಳಿ ಯಾವ ದಿಕ್ಕಿನಿಂದ ಬಂದರೂ ಅದು ತಿರುಗೋದು ಒಂದೇ ಕಡೆಗೆ.

ಗಾಳಿಯೇ ಇಲ್ಲದ ದಿನ ಸುಮ್ನೆ ನಿಂತಿರುತ್ತಲ್ಲ, ಆಗೇನು ಪ್ರಯೋಜನ?

ಇದನ್ನು ಕೇಳಿದವರಿಗೆಲ್ಲ ನಾನು ಅಡುಗೆಮನೆ ಹೊಗೆಗಿಂಡಿ ತೋರಿಸ್ತೇನೆ. ಅದರಲ್ಲಿ ಏನೂ ತಿರುಗಲ್ಲ, ಆದರೂ ಹೊಗೆ ಹೋಗುತ್ತೆ ಅಲ್ವಾ? ಬಿಸಿ ಗಾಳಿ ಹಗುರ, ಅದು ತಾನಾಗಿ ಮೇಲೆ ಹೋಗುತ್ತೆ. ತಗಡು ಕಾದಾಗ ಶೆಡ್ಡಿನ ಬಿಸಿಯೆಲ್ಲ ನೆತ್ತಿಯಲ್ಲಿ ಹೋಗಿ ಕೂತಿರುತ್ತೆ. ಅಲ್ಲೇ ಒಂದು ತೂತಿದ್ದರೆ ಗಿರಗಿಟ್ಲೆ ನಿಂತಿದ್ದರೂ ಅದರ ಪಟ್ಟಿಗಳ ಸಂದಿಯಿಂದ ಹೊರಟು ಹೋಗುತ್ತೆ. ಬಿಸಿಲಿನ ಮಧ್ಯಾಹ್ನ ಎಲೆಯೂ ಅಲ್ಲಾಡದ ಹೊತ್ತಲ್ಲಿ ನಮ್ಮವು ನಿಧಾನಕ್ಕೆ ಸುತ್ತುತ್ತಿರುತ್ತವೆ. ಒಳಗಿಂದ ಏಳುವ ಬಿಸಿಗಾಳಿಗೇ ಅಷ್ಟು ಶಕ್ತಿ ಇರುತ್ತೆ.

ನನ್ನ ಲೆಕ್ಕದಲ್ಲಿ ಇದು ಫ್ಯಾನ್ ಅಲ್ಲ. ಇದು ಮಾಡಿನ ತೂತಿಗೆ ಹಾಕಿದ ಒಳ್ಳೆ ಟೋಪಿ. ಮಳೆ ಒಳಗೆ ಬಿಡಲ್ಲ, ಬಿಸಿ ಹೊರಗೆ ಬಿಡುತ್ತೆ, ಗಾಳಿ ಬೀಸಿದರೆ ಇನ್ನೊಂದಿಷ್ಟು ಎಳೆದುಕೊಡುತ್ತೆ. ಫ್ಯಾನ್ ಅಂದುಕೊಂಡು ಕೂರಿಸಿದವರೇ ಆಮೇಲೆ "ದುಡ್ಡು ದಂಡ" ಅಂತ ಬೈಯೋದು.

ಜೋರಾಗಿ ತಿರುಗ್ತಾ ಇದೆ, ಆದರೂ ಒಳಗೆ ಸೆಕೆ ಹಾಗೇ ಇದೆ. ಯಾಕೆ?

ಕೆಳಗೆ ಗಾಳಿ ಬರೋಕೆ ದಾರಿ ಇಲ್ಲ, ಅದಕ್ಕೆ. ಹತ್ತಕ್ಕೆ ಎಂಟು ಶೆಡ್ಡಿನಲ್ಲಿ ಇದೇ ಕಥೆ. ಇಡೀ ಪುಟದಲ್ಲಿ ಒಂದೇ ಉತ್ತರ ಓದಿ ಹೋಗ್ತೀರಿ ಅಂದರೆ ಇದನ್ನು ಓದಿ.

ಖಾಲಿ ಬಾಟಲಿಯ ಬಾಯಿಗೆ ತುಟಿ ಇಟ್ಟು ಗಾಳಿ ಎಳೆದು ನೋಡಿ. ಒಂದು ಸಲ ಸ್ವಲ್ಪ ಬರುತ್ತೆ, ಆಮೇಲೆ ಬರಲ್ಲ. ಅದೇ ಬಾಟಲಿಯ ತಳಕ್ಕೆ ತೂತು ಮಾಡಿ, ಎಷ್ಟು ಬೇಕಾದರೂ ಎಳೀಬಹುದು. ಶೆಡ್ಡೂ ಹಾಗೇ. ಶಟರ್ ಎಳೆದು, ಕಿಟಕಿ ಮುಚ್ಚಿ, ಗೋಡೆ ಮೇಲಿನ ಸಂದಿಗೂ ಚೀಲ ತುರುಕಿ ಇಟ್ಟರೆ ಮೇಲೆ ಹತ್ತು ಗಿರಗಿಟ್ಲೆ ಇಟ್ಟರೂ ಅಷ್ಟೇ. ಅದು ತಿರುಗೋದು ಹೊರಗಿನ ಗಾಳಿ ಬಡಿದು, ಹಾಗಾಗಿ ಒಳಗಿಂದ ಒಂದು ಹಿಡಿ ಗಾಳಿ ಹೋಗದಿದ್ದರೂ ಚೆನ್ನಾಗಿ ತಿರುಗುತ್ತೆ. ನೋಡಿದವರಿಗೆ ಕೆಲಸ ಮಾಡ್ತಾ ಇದೆ ಅನ್ಸುತ್ತೆ.

ಎಷ್ಟು ಕಿಂಡಿ ಬೇಕು? ಮೇಲಿನ ಬಾಯಿಯ ಅಗಲಕ್ಕಿಂತ ಕೆಳಗಿನ ದಾರಿ ಕಡಿಮೆ ಇರಬಾರದು, ಅಷ್ಟೇ ಲೆಕ್ಕ. 24 ಇಂಚಿನ ಗಿರಗಿಟ್ಲೆಯ ಬಾಯಿ ಅಂದರೆ ಸುಮಾರು 3.14 ಚದರ ಅಡಿ. ಎರಡಿದ್ದರೆ 6.3 ಚದರ ಅಡಿ ಬಂತು. ಜಾಲಿ, ಮೆಶ್ ಎಲ್ಲ ಒಂದಷ್ಟು ಜಾಗ ತಿನ್ನುತ್ತವೆ, ಆದ್ದರಿಂದ ಒಂದೂವರೆ ಪಟ್ಟು ಇಟ್ಟುಕೊಳ್ಳಿ. ನಾವು 3 ಅಡಿಗೆ 1.5 ಅಡಿಯ ನಾಲ್ಕು ಕಿಂಡಿ ತೆಗೆದು ಸಿಮೆಂಟ್ ಜಾಲಿ ಕೂರಿಸಿದೆವು. ಒಟ್ಟು 18 ಚದರ ಅಡಿ, ಜಾಲಿಯಲ್ಲಿ ಅರ್ಧ ಸಿಮೆಂಟೇ ಇರುತ್ತೆ, ಉಳಿದದ್ದು 9. ಸಾಕಾಯಿತು.

ಕಿಂಡಿ ಎಲ್ಲಿರಬೇಕು ಅನ್ನೋದೂ ಮುಖ್ಯ. ನೆಲದಿಂದ ಒಂದೆರಡು ಅಡಿ ಎತ್ತರದಲ್ಲಿರಲಿ, ಎರಡೂ ಬದಿಯ ಗೋಡೆಯಲ್ಲಿರಲಿ. ಮಾಡಿನ ಹತ್ತಿರ ದೊಡ್ಡ ಕಿಟಕಿ ಇದ್ದರೆ ಗಾಳಿ ಅಲ್ಲಿಂದ ಬಂದು ಅಲ್ಲೇ ಪಕ್ಕದ ಗಿರಗಿಟ್ಲೆಯಿಂದ ಹೋಗಿಬಿಡುತ್ತೆ. ಕೆಳಗಿರೋ ಚೀಲಕ್ಕೆ ಏನೂ ಸಿಗಲ್ಲ. ಮುಂಗಾರಿನ ಮಳೆ ನಮ್ಮಲ್ಲಿ ಪಡುವಣ ಕಡೆಯಿಂದ ಎರಚುತ್ತೆ, ಅದಕ್ಕೆ ಆ ಬದಿಯ ಕಿಂಡಿಗೆ ಮೇಲೊಂದು ತಗಡಿನ ಛಜ್ಜ ಕೊಡಿ.

ಸರಿಯಾಗಿದೆಯಾ ಅಂತ ನೋಡೋಕೆ ಒಂದು ಅಗರಬತ್ತಿ ಸಾಕು. ಮಧ್ಯಾಹ್ನ ಎರಡು ಗಂಟೆಗೆ ಶಟರ್ ಮುಚ್ಚಿ ಒಳಗಿನಿಂದ ಕಿಂಡಿ ಮುಂದೆ ಹಿಡಿಯಿರಿ. ನಮ್ಮಲ್ಲಿ ಹೊಗೆ ಮೊದಲು ಒಂದು ಗೇಣು ನೆಟ್ಟಗೆ ಏಳುತ್ತೆ, ಆಮೇಲೆ ಯಾರೋ ದಾರ ಹಿಡಿದು ಎಳೆದ ಹಾಗೆ ಒಳಗಡೆಗೆ ಬಾಗುತ್ತೆ. ಚೀಲದ ಸಾಲಿನ ಮೇಲೆ ಹಾಯ್ದು ನೆತ್ತಿ ಕಡೆ ಹೋಗೋದು ಕಿಂಡಿಯ ಬೆಳಕಲ್ಲಿ ಕಾಣುತ್ತೆ. ಹೊಗೆ ನೆಟ್ಟಗೇ ಏಳ್ತಿದ್ದರೆ ಕಿಂಡಿ ಸಾಲದು. ಅಡಿಕೆ ಸಿಪ್ಪೆ, ಗೋಣಿ ಇರೋ ಕಡೆ ಕಿಡಿ ಬೀಳದ ಹಾಗೆ ಹುಷಾರಾಗಿ ಮಾಡಿ, ನಮ್ಮಪ್ಪ ಇದಕ್ಕೇ ಬೈದಿದ್ದರು.

ನನ್ನ ಶೆಡ್ಡಿಗೆ ಎಷ್ಟು ಬೇಕು?

ಒಳಗಿನ ಗಾಳಿ ಗಂಟೆಗೆ ಐದು ಸಲ ಬದಲಾದರೆ ಚೀಲ ಇಡುವ ಶೆಡ್ಡಿಗೆ ಸಾಕು ಅಂತ ನಾನು ಇಟ್ಟುಕೊಂಡ ಲೆಕ್ಕ. ನಮ್ಮದು 20 × 40, ಎತ್ತರ ಬದಿಯಲ್ಲಿ 12 ಅಡಿ, ನೆತ್ತಿಯಲ್ಲಿ 15, ಸರಾಸರಿ 13.5. ಗುಣಿಸಿದರೆ 10,800 ಘನ ಅಡಿ. ಐದು ಸಲ ಅಂದರೆ 54,000. ಅದನ್ನು 60ರಿಂದ ಭಾಗಿಸಿದರೆ ನಿಮಿಷಕ್ಕೆ 900 ಘನ ಅಡಿ. ಅಂಗಡಿಯವರು ಇದನ್ನೇ ಸಿಎಫ್‌ಎಂ ಅನ್ನೋದು.

ಈಗ ಒಂದು ಗಿರಗಿಟ್ಲೆ ಎಷ್ಟು ತೆಗೆಯುತ್ತೆ? ಕಾಗದದಲ್ಲಿ ದೊಡ್ಡ ದೊಡ್ಡ ನಂಬರ್ ಬರೆದಿರ್ತಾರೆ, ಅದು ಒಳ್ಳೆ ಗಾಳಿ ಇದ್ದಾಗಿನ ಲೆಕ್ಕ. ನಾನು ಜಿಪುಣತನ ಮಾಡಿ ನೋಡ್ತೇನೆ. ಬಾಯಿಯಲ್ಲಿ ಗಾಳಿ ಸೆಕೆಂಡಿಗೆ 3 ಅಡಿ ಹೋಗುತ್ತೆ ಅಂತ ಇಟ್ಟುಕೊಳ್ಳಿ, ಅಂದರೆ ನಾವು ನಿಧಾನಕ್ಕೆ ನಡೆಯುವಷ್ಟು ವೇಗ. 3.14 ಚದರ ಅಡಿ ಬಾಯಿಗೆ ಸೆಕೆಂಡಿಗೆ 9.4 ಘನ ಅಡಿ ಬಂತು, ನಿಮಿಷಕ್ಕೆ 565. ಎರಡು ಹಾಕಿದರೆ 1,130. ನಮಗೆ ಬೇಕಾದ್ದು 900. ಹಾಗಾಗಿ ಎರಡು.

ಮಾರೋರು ನಮಗೆ ನಾಲ್ಕು ಹೇಳಿದ್ದರು.

ಯಾವ ಸೈಜ್, ಯಾವ ಲೋಹ?

ನಮ್ಮ ಪೇಟೆಯಲ್ಲಿ ಸುಲಭಕ್ಕೆ ಸಿಗೋದು 24 ಇಂಚು, ಅಂದರೆ 600 ಎಂಎಂ. ಚಿಕ್ಕವೂ ಇವೆ, ಆದರೆ ಬಾಯಿ ಅರ್ಧವಾದರೆ ಗಾಳಿ ಹೋಗೋ ಜಾಗ ಕಾಲು ಭಾಗಕ್ಕೆ ಇಳಿಯುತ್ತೆ ಅನ್ನೋದು ನೆನಪಿರಲಿ. 12 ಇಂಚಿನ ನಾಲ್ಕು ಸೇರಿದರೆ 24 ಇಂಚಿನ ಒಂದಕ್ಕೆ ಸಮ. ತೂತು ನಾಲ್ಕು, ಸೋರೋ ಜಾಗ ನಾಲ್ಕು.

ಅಲ್ಯೂಮಿನಿಯಂ ಹಗುರ, ಸಣ್ಣ ಗಾಳಿಗೂ ತಿರುಗುತ್ತೆ. ಬಯಲುಸೀಮೆಗೆ ಅದೇ ಸಾಕು. ಕಾರವಾರ, ಉಡುಪಿ, ಮಂಗಳೂರು ಕಡೆ ಸಮುದ್ರ ಹತ್ತಿರ ಇದ್ದರೆ ಉಪ್ಪುಗಾಳಿಗೆ ಕಬ್ಬಿಣದ ಸ್ಕ್ರೂ, ಕಂಬಿ ಬೇಗ ತುಕ್ಕು ಹಿಡಿಯುತ್ತವೆ, ಅಲ್ಯೂಮಿನಿಯಂ ಮತ್ತೆ ಕಬ್ಬಿಣ ತಾಗಿಕೊಂಡಿರೋ ಜಾಗವಂತೂ ಇನ್ನೂ ಬೇಗ ಕೆಡುತ್ತೆ. ಅಲ್ಲಿ ಕಂಬಿ, ಸ್ಕ್ರೂ ಎಲ್ಲ ಸ್ಟೇನ್‌ಲೆಸ್ ಸ್ಟೀಲ್ ಇರಲಿ.

ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಿ. ಎತ್ತಿ ಟೇಬಲ್ ಮೇಲಿಟ್ಟು ಒಂದೇ ಬೆರಳಲ್ಲಿ ತಳ್ಳಿ. ಸದ್ದಿಲ್ಲದೆ ಒಂದಷ್ಟು ಹೊತ್ತು ಸುತ್ತಿ ತಾನಾಗಿ ನಿಲ್ಲಬೇಕು. ಪ್ರತಿ ಸಲ ಅದೇ ಪಟ್ಟಿ ಅದೇ ಜಾಗಕ್ಕೆ ಬಂದು ನಿಂತರೆ ಒಂದು ಕಡೆ ಭಾರ ಜಾಸ್ತಿ ಇದೆ ಅಂತ ಅರ್ಥ. ಅದನ್ನು ಬಿಡಿ, ಬೇರೆ ಕೇಳಿ.

ಮಾಡಿನ ಮೇಲೆ ಎಲ್ಲಿ ಕೂರಿಸಬೇಕು?

ನೆತ್ತಿಗೆ ಎಷ್ಟು ಹತ್ತಿರವೋ ಅಷ್ಟು ಒಳ್ಳೇದು, ಬಿಸಿ ಇರೋದು ಅಲ್ಲೇ. ತಲೆ ರಿಡ್ಜ್‌ಗಿಂತ, ಅಂದರೆ ಎರಡು ಇಳಿಜಾರು ಸೇರುವ ನೆತ್ತಿಯ ಏಣಿಗಿಂತ, ಮೇಲಿರಬೇಕು, ಇಲ್ಲದಿದ್ದರೆ ಆಚೆ ಬದಿಯಿಂದ ಬರುವ ಗಾಳಿ ಅದಕ್ಕೆ ಸಿಗಲ್ಲ. ಎರಡಿದ್ದರೆ ಉದ್ದವನ್ನು ನಾಲ್ಕು ಪಾಲು ಮಾಡಿ ಒಂದನೇ ಮತ್ತು ಮೂರನೇ ಗುರುತಿನಲ್ಲಿ ಕೂರಿಸಿ. 40 ಅಡಿ ಶೆಡ್ಡಿಗೆ ಎರಡೂ ತುದಿಯಿಂದ ಹತ್ತತ್ತು ಅಡಿ ಒಳಗೆ ಬಂತು. ಪಕ್ಕದಲ್ಲಿ ದೊಡ್ಡ ಹುಣಸೆ ಮರ, ಎತ್ತರದ ಮನೆ ಇದ್ದರೆ ಅದರ ಮರೆ ಬೀಳದ ಕಡೆ ನೋಡಿ.

ಎಲ್ಲಕ್ಕಿಂತ ಮುಂಚೆ ಕೆಳಗಿಂದ ತಲೆ ಎತ್ತಿ ಪರ್ಲಿನ್, ಅಂದರೆ ಶೀಟನ್ನು ಹೊತ್ತಿರೋ ಅಡ್ಡಪಟ್ಟಿ, ಎಲ್ಲಿದೆ ನೋಡಿಕೊಳ್ಳಿ. ತೂತು ಎರಡು ಪರ್ಲಿನ್ ನಡುವೆ ಬರಬೇಕು. ಪರ್ಲಿನ್ ಕತ್ತರಿಸೋ ಮಾತೇ ಬೇಡ.

ಮಳೆ ನೀರು ಒಳಗೆ ಬೀಳಲ್ವಾ?

ತಲೆಯಿಂದ ಬೀಳಲ್ಲ, ಪಟ್ಟಿಗಳು ಒಂದರ ಮೇಲೊಂದು ಹಾಯ್ದಿರುತ್ತವೆ. ತಿರುಗುವಾಗ ನೀರನ್ನು ಹೊರಕ್ಕೆ ಎಸೆಯುತ್ತವೆ ಬೇರೆ. ಗಾಳಿ ಸಮೇತ ಅಡ್ಡಮಳೆ ಹೊಡೆದಾಗ ನಾಲ್ಕು ಹನಿ ಸಿಡಿಯಬಹುದು. ಅದಕ್ಕೇ ನೇರ ಕೆಳಗೆ ಚೀಲ ಇಡಬೇಡಿ, ಓಡಾಡುವ ದಾರಿ ಬರೋ ಹಾಗೆ ನೋಡಿಕೊಳ್ಳಿ.

ಸೋರೋದು ತಲೆಯಲ್ಲಿ ಅಲ್ಲ, ಬುಡದಲ್ಲಿ. ನಮಗಾದ ಕಥೆ ಹೇಳ್ತೇನೆ.

ಮೊದಲ ಸಲ ಕೂರಿಸಿದವರು ತೂತು ಕೊರೆದು, ಬೇಸ್ ಅನ್ನು, ಅಂದರೆ ತಲೆ ಕೂರುವ ಬುಡದ ಪೀಠವನ್ನು, ಶೀಟಿನ ಮೇಲೆ ಹಾಗೇ ಇಟ್ಟು, ಸುತ್ತ ಸ್ಕ್ರೂ ಹೊಡೆದು, ಮೂರು ಟ್ಯೂಬ್ ಸಿಲಿಕಾನ್ ಬಳಿದು ಹೋದರು. ನೋಡೋಕೆ ಚೆನ್ನಾಗಿತ್ತು. ಬೇಸಿಗೆಯಿಡೀ ತಗಡು ಹಗಲು ಹಿಗ್ಗಿ ರಾತ್ರಿ ಕುಗ್ಗಿ ಸಿಲಿಕಾನ್ ಒಂದು ಬದಿಯಲ್ಲಿ ಬಿಟ್ಟುಕೊಂಡಿತ್ತು, ನಾವು ಮೇಲೆ ಹತ್ತಿ ನೋಡಿರಲಿಲ್ಲ. ಜೂನ್‌ನಲ್ಲಿ ಎರಡು ದಿನ ಹಿಡಿದು ಮಳೆ ಬಂತು. ನೆಲದಲ್ಲಿ ಒಂದು ಹನಿಯೂ ಕಾಣಲಿಲ್ಲ, ಯಾಕೆಂದರೆ ನೀರು ಶೀಟಿನ ತಗ್ಗಿನಗುಂಟ ಕೆಳಗಿಳಿದು, ಪರ್ಲಿನ್ ಸಿಕ್ಕಲ್ಲಿ ತೊಟ್ಟಿಕ್ಕಿ, ನೇರ ಚೀಲದ ಮೇಲೆ ಬೀಳ್ತಿತ್ತು. ವಾರ ಕಳೆದು ಚೀಲ ಸರಿಸಿದಾಗ ಮೇಲಿನ ಸಾಲಿನ ಒಂದು ಚೀಲದ ಹೊಲಿಗೆಯಿಂದ ಬಿಳಿ ಮೊಳಕೆ ಹೊರಗೆ ಬಂದಿತ್ತು. ಒಳಗೆ ಕೈ ಹಾಕಿದರೆ ಬಿಸಿ. ಏಳು ಚೀಲ ಜೋಳ ಹೋಯಿತು, ಕೋಳಿಗೆ ಹಾಕೋಕೂ ಬರಲಿಲ್ಲ.

ಹಾಗಾದರೆ ಸರಿಯಾಗಿ ಕೂರಿಸೋದು ಹೇಗೆ?

ಹೆಂಚು ಹೊದಿಸೋದು ನೋಡಿದ್ದೀರಲ್ಲ? ಮೇಲಿನ ಹೆಂಚಿನ ತುದಿ ಕೆಳಗಿನ ಹೆಂಚಿನ ಮೇಲೆ ಕೂರುತ್ತೆ. ಅಲ್ಲಿ ಯಾರೂ ಸಿಲಿಕಾನ್ ಬಳಿಯಲ್ಲ, ಆದರೂ ಸೋರಲ್ಲ. ಬೇಸ್ ಕೂಡ ಹಾಗೇ: ಮೇಲಂಚು ರಿಡ್ಜ್ ಕ್ಯಾಪ್ (ನೆತ್ತಿ ಮುಚ್ಚುವ ತಗಡು) ಒಳಗೆ ಹೋಗಬೇಕು, ಕೆಳಂಚು ಶೀಟಿನ ಮೇಲೆ ಬರಬೇಕು. ನೀರು ಎಲ್ಲೂ ಅಂಚಿಗೆ ಎದುರಾಗಿ ಹರಿಯಬಾರದು. ಇದೊಂದು ಸರಿ ಇದ್ದರೆ ಸಿಲಿಕಾನ್ ಇಲ್ಲದೆಯೂ ಮುಕ್ಕಾಲು ಕೆಲಸ ಆಯಿತು.

ಬೇಸ್ ಅನ್ನು ಫೈಬರ್‌ನಲ್ಲಿ ಮಾಡ್ತಾರೆ, ಎಫ್‌ಆರ್‌ಪಿ ಬೇಸ್ ಅಂತ ಕೇಳಿ. ನಿಮ್ಮ ಶೀಟಿನ ಉಬ್ಬು ತಗ್ಗಿಗೆ ಅದರ ಉಬ್ಬು ತಗ್ಗು ಹೊಂದಬೇಕು. ಅದಕ್ಕೆ ಅಂಗಡಿಗೆ ಹೋಗುವಾಗ ಒಂದು ತುಂಡು ಶೀಟ್ ಜೊತೆಗೆ ತಗೊಂಡು ಹೋಗಿ. ಫೋನಿನಲ್ಲಿ ಫೋಟೋ ತೋರಿಸಿದರೆ ಆಗಲ್ಲ, ನೋಡೋಕೆ ಎಲ್ಲ ಶೀಟೂ ಒಂದೇ ಥರ ಇರುತ್ತೆ.

ಕೆಲಸದ ದಿನ ಮೊದಲು ರಿಡ್ಜ್ ಕ್ಯಾಪ್ ಸ್ಕ್ರೂ ಸಡಿಲ ಮಾಡಿಕೊಳ್ಳಿ. ಬೇಸನ್ನು ಜಾಗದಲ್ಲಿಟ್ಟು ಬಾಯಿಯ ಗುರುತು ಹಾಕಿ, ತೆಗೆದಿಟ್ಟು, ಶೀಟ್ ಕತ್ತರಿಸಿ. ಕತ್ತರಿಸೋಕೆ ತಗಡು ಕತ್ತರಿ ಅಥವಾ ನಿಬ್ಲರ್ (ತಗಡನ್ನು ಚೂರು ಚೂರಾಗಿ ಕಚ್ಚಿ ಕತ್ತರಿಸುವ ಯಂತ್ರ) ಒಳ್ಳೇದು. ಗ್ರೈಂಡರ್ ಹಿಡಿದರೆ ಬೇಗ ಆಗುತ್ತೆ ನಿಜ, ಆದರೆ ಕಿಡಿ ಹಾರಿದ ಕಡೆಯೆಲ್ಲ ಬಣ್ಣ ಸುಟ್ಟು, ಮುಂದಿನ ಮಳೆಗಾಲಕ್ಕೆ ಅಲ್ಲೆಲ್ಲ ಕೆಂಪು ಚುಕ್ಕೆ ಏಳುತ್ತೆ. ಯಾವುದರಲ್ಲೇ ಕತ್ತರಿಸಿ, ಚೂರು, ಪುಡಿ ಎಲ್ಲ ಅವತ್ತೇ ಗುಡಿಸಿ ತೆಗೀಬೇಕು. ಒಳಗೆ ಫಸಲು ಇದ್ದರೆ ಮೊದಲೇ ತಾಡಪಾಲು ಹೊದಿಸಿಡಿ.

ಆಮೇಲೆ ಬೇಸಿನ ಅಡಿಗೆ ಬ್ಯೂಟೈಲ್ ಟೇಪ್ (ನೀರು ತಡೆಯುವ ರಬ್ಬರಿನಂಥ ಅಂಟುಪಟ್ಟಿ) ಅಂಟಿಸಿ, ಮೇಲಂಚನ್ನು ಕ್ಯಾಪ್ ಒಳಗೆ ತೂರಿಸಿ ಕೂರಿಸಿ. ಎರಡು ಬದಿಯಲ್ಲೂ ಕನಿಷ್ಠ ಎರಡು ಉಬ್ಬಿನಷ್ಟು ಶೀಟಿನ ಮೇಲೆ ಹಾಯ್ದಿರಲಿ. ಸ್ಕ್ರೂ ಉಬ್ಬಿನ ಮೇಲೆ ಹೊಡೆಯಿರಿ, ತಗ್ಗಿನಲ್ಲಿ ಬೇಡ, ನೀರು ಹರಿಯೋದೇ ತಗ್ಗಿನಲ್ಲಿ. ರಬ್ಬರ್ ವಾಷರ್ ಸ್ವಲ್ಪ ಉಬ್ಬೋವರೆಗೆ ಬಿಗಿದರೆ ಸಾಕು, ಜಾಸ್ತಿ ಬಿಗಿದರೆ ವಾಷರ್ ಸೀಳಿ ಅದೇ ಸೋರುತ್ತೆ.

ಕೊನೆಗೆ ತಲೆ. ಮಾಡು ಇಳಿಜಾರು ಇರುತ್ತೆ, ಆದರೆ ತಲೆ ನೆಟ್ಟಗೆ ನಿಲ್ಲಬೇಕು. ಕುತ್ತಿಗೆಯನ್ನು ತಿರುಗಿಸಿ ಇಳಿಜಾರಿಗೆ ಹೊಂದಿಸುವ ಥರದ್ದು ಬರುತ್ತೆ. ರಸಮಟ್ಟವನ್ನು ಕುತ್ತಿಗೆ ಮೇಲೆ ಒಂದು ಸಲ ಉದ್ದಕ್ಕೆ, ಒಂದು ಸಲ ಅಡ್ಡಕ್ಕೆ ಇಟ್ಟು ನೋಡಿ. ವಾಲಿಕೊಂಡು ತಿರುಗಿದರೆ ಬೇರಿಂಗ್ ಒಂದೇ ಕಡೆ ಸವೆದು ಕಿರುಗುಟ್ಟೋಕೆ ಶುರುವಾಗುತ್ತೆ. ನೆಟ್ಟಗಾದ ಮೇಲೆ ಸ್ಕ್ರೂ ಹಾಕಿ ಭದ್ರ ಮಾಡಿ. ನಂತರ ಬಕೆಟ್ ನೀರು ತಗೊಂಡು ರಿಡ್ಜ್ ಮೇಲಿಂದ ಸುರಿಯಿರಿ, ಇನ್ನೊಬ್ಬರು ಒಳಗೆ ಟಾರ್ಚ್ ಹಿಡಿದು ನಿಂತಿರಲಿ. ಕೆಲಸದವರಿಗೆ ದುಡ್ಡು ಕೊಡೋದು ಇದಾದ ಮೇಲೆ.

ರಿಡ್ಜ್ ಹತ್ತಿರ ಜಾಗ ಇಲ್ಲ, ಮಾಡಿನ ಮಧ್ಯದಲ್ಲಿ ಕೂರಿಸಬಹುದಾ?

ಕೂರಿಸಬಹುದು. ಆದರೆ ಬೇಸಿನ ಮೇಲಂಚಿನಿಂದ ರಿಡ್ಜ್ ಕ್ಯಾಪ್‌ವರೆಗೂ ಒಂದು ತಗಡು ಹೊದಿಸಬೇಕು. ಇಲ್ಲ ಅಂದರೆ ಮೇಲಿಂದ ಬಂದ ನೀರು ಅಂಚಿಗೆ ಬಡಿದು ನಿಲ್ಲುತ್ತೆ, ಆಮೇಲೆ ನಮ್ಮ ಏಳು ಚೀಲದ ಕಥೆಯೇ.

ನಮ್ಮದು ಸಿಮೆಂಟ್ ಶೀಟು. ಅದರ ಮೇಲೂ ಆಗುತ್ತಾ?

ಆಗುತ್ತೆ, ಆದರೆ ತುಂಬಾ ಹುಷಾರು. ಹಳೇ ಸಿಮೆಂಟ್ ಶೀಟ್ ಕಾಲಿಟ್ಟ ಕೂಡಲೇ ಮುರಿಯಬಹುದು. ಕೆಳಗೆ ಬಿದ್ದು ಸೊಂಟ ಮುರಿದುಕೊಂಡವರು, ಜೀವ ಕಳಕೊಂಡವರು ಇದ್ದಾರೆ. ಪರ್ಲಿನ್‌ನಿಂದ ಪರ್ಲಿನ್‌ಗೆ ಹಲಗೆ ಹಾಸಿ ಅದರ ಮೇಲೇ ಓಡಾಡಬೇಕು. ಇನ್ನೊಂದು, ಅದರಲ್ಲಿ ಹೆಚ್ಚಾಗಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತೆ, ಗ್ರೈಂಡರ್ ಹಿಡಿದರೆ ಏಳುವ ದೂಳು ಶ್ವಾಸಕೋಶಕ್ಕೆ ವಿಷ. ನನ್ನ ಕೇಳಿದರೆ ಸಿಮೆಂಟ್ ಶೀಟನ್ನು ಕತ್ತರಿಸೋಕೇ ಹೋಗಬೇಡಿ. ಆ ಜಾಗದ ಒಂದು ಶೀಟ್ ಇಡಿಯಾಗಿ ಬಿಚ್ಚಿ, ಅದೇ ಅಲೆಯಿರುವ ಫೈಬರ್ ಶೀಟು, ಬೇಸ್ ಸಮೇತ ಬರೋದು, ಅದನ್ನು ಹಾಕಿಸಿ.

ಹೆಂಚಿನ ಮಾಡಿಗೆ?

ಬೇಡ. ಮಂಗಳೂರು ಹೆಂಚಿನ ಸಂದಿಸಂದಿಯಲ್ಲೂ ಗಾಳಿ ಆಡುತ್ತೆ. ಈ ತಾಪತ್ರಯ ಎಲ್ಲ ತಗಡು ಬಂದ ಮೇಲಿನದು.

ಹಾಕಿದ ಮೇಲೆ ಶೆಡ್ ತಣ್ಣಗಾಗುತ್ತಾ?

ತಣ್ಣಗೆ ಅನ್ನೋ ಮಾತು ಮರೆತುಬಿಡಿ. ಹೊರಗೆ 38 ಡಿಗ್ರಿ ಇದ್ದರೆ ಒಳಗೂ ಅಷ್ಟಿರುತ್ತೆ, ಅದಕ್ಕಿಂತ ಕೆಳಗೆ ಇಳಿಯೋಕೆ ಸಾಧ್ಯವೇ ಇಲ್ಲ, ಬರ್ತಿರೋದು ಹೊರಗಿನ ಗಾಳಿಯೇ ತಾನೇ. ಮೊದಲು ಹೊರಗಿಗಿಂತ ಒಳಗೆ ಬಿಸಿ ಜಾಸ್ತಿ ಇರ್ತಿತ್ತಲ್ಲ, ಆ ಉಸಿರು ಕಟ್ಟೋ ಧಗೆ ಹೋಗುತ್ತೆ. ಶಟರ್ ಎತ್ತಿದ ಕೂಡಲೇ ಮುಖಕ್ಕೆ ಹೊಡೀತಿದ್ದ ಹಬೆ ಈಗಿಲ್ಲ.

ತಗಡು ಕಾದು ತಲೆ ಮೇಲೆ ಸುರಿಯೋ ಶಾಖ ಮಾತ್ರ ಗಿರಗಿಟ್ಲೆಗೆ ಬಗ್ಗಲ್ಲ. ಅದಕ್ಕೆ ಮೇಲೆ ಬಿಳಿ ಬಣ್ಣ ಹೊಡೆಸಬೇಕು, ಇಲ್ಲ ಕೆಳಗೆ ಇನ್ಸುಲೇಷನ್ ಹಾಕಿಸಬೇಕು. ರಾಯಚೂರು, ಕಲಬುರಗಿ ಬಿಸಿಲಿಗೆ ಎರಡೂ ಒಟ್ಟಿಗೆ ಮಾಡಿದರೇ ಸರಿ. ದುಡ್ಡು ಕಡಿಮೆ ಇದ್ದರೆ ಬೇಸಿಗೆಗೆ ಮುಂಚೆ ಸುಣ್ಣ ಹೊಡೆದರೂ ಆಗುತ್ತೆ, ಮಳೆಗೆ ತೊಳೆದು ಹೋಗುತ್ತೆ, ಮುಂದಿನ ವರ್ಷ ಮತ್ತೆ ಹೊಡೀಬೇಕು.

ನಾವು ಎಣಿಸದೇ ಇದ್ದ ಇನ್ನೊಂದು ಲಾಭ ಸಿಕ್ಕಿತು. ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಜಾವ ತಗಡಿನ ಒಳಮೈ ಬೆವರಿ ಟಪ್ ಟಪ್ ಅಂತ ಚೀಲದ ಮೇಲೆ ಹನಿ ಬೀಳ್ತಿತ್ತು. ಒಳಗಿನ ತೇವದ ಗಾಳಿ ತಣ್ಣನೆ ತಗಡಿಗೆ ತಾಗಿದಾಗ ಆಗೋದು ಅದು. ಈಗ ಆ ಗಾಳಿ ನಿಲ್ಲೋದೇ ಇಲ್ಲ, ಬೆವರೂ ಹೆಚ್ಚುಕಮ್ಮಿ ನಿಂತಿದೆ.

ಮಳೆಗಾಲದಲ್ಲಿ ತೇವದ ಗಾಳಿ ಒಳಗೆ ಬಂದು ಜೋಳ ಕೆಡಲ್ವಾ?

ಬುದ್ಧಿವಂತರ ಪ್ರಶ್ನೆ. ಕೆಡಬಹುದು. ಕಾಳು, ಬೀಜ, ಅಡಿಕೆ ಎಲ್ಲ ಸುತ್ತಲಿನ ಗಾಳಿಯಿಂದ ತೇವ ಹೀರುತ್ತವೆ. ಮಂಗಳೂರು ಕಡೆ ಇದನ್ನೇ ವ್ಯಾಪಾರ ಮಾಡಿಕೊಂಡಿದ್ದಾರೆ. ಕಾಫಿ ಬೀಜವನ್ನು ಮುಂಗಾರಿನ ಒದ್ದೆ ಗಾಳಿಗೆ ಬೇಕಂತಲೇ ವಾರಗಟ್ಟಲೆ ಒಡ್ಡುತ್ತಾರೆ, ಬೀಜ ಊದಿ, ಬಣ್ಣ ಬಿಳಿಚಿ ಹಳದಿಗೆ ತಿರುಗುತ್ತೆ, ಅದನ್ನು ಮಾನ್ಸೂನ್ಡ್ ಮಲಬಾರ್ ಅಂತ ಹೊರದೇಶಕ್ಕೆ ಮಾರ್ತಾರೆ. ಕಾಫಿಗೆ ಅದು ರುಚಿ. ನಮ್ಮ ಜೋಳಕ್ಕೆ ಅದೇ ಬೂಷ್ಟು.

ಹಾಗಾಗಿ ಮಳೆ ಹಿಡಿದ ದಿನಗಳಲ್ಲಿ ಕೆಳಗಿನ ಕಿಂಡಿ ಮುಚ್ಚೋಕೆ ಒಂದು ವ್ಯವಸ್ಥೆ ಬೇಕೇ ಬೇಕು. ನಾವು ಪ್ಲೈವುಡ್ ಬಾಗಿಲು ಮಾಡಿಸಿದ್ದೇವೆ. ಬಿಸಿಲು ಬಿದ್ದಾಗ ತೆಗೀತೀವಿ, ಜಡಿಮಳೆಗೆ ಮುಚ್ತೀವಿ. ಮಲೆನಾಡು ಕಡೆಯವರಂತೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಿರಗಿಟ್ಲೆಯ ಬಾಯಿಗೂ ಒಳಗಿಂದ ಮುಚ್ಚಳ ಕೊಡೋದು ಒಳ್ಳೇದು.

ಮುಖ್ಯವಾದ ವಿಷಯ, ಇದು ಒಣಗಿಸೋ ಯಂತ್ರ ಅಲ್ಲ. ಶೇ 18 ತೇವ ಇರೋ ಮೆಕ್ಕೆಜೋಳ ತಂದು ಒಟ್ಟಿ "ಮೇಲೆ ಗಿರಗಿಟ್ಲೆ ಇದೆಯಲ್ಲ" ಅಂದರೆ ಚೀಲದ ಹೊಟ್ಟೆಯಲ್ಲಿ ಬೂಷ್ಟು ಬಂದೇ ಬರುತ್ತೆ, ಅದರಲ್ಲಿ ವಿಷವೂ ಹುಟ್ಟುತ್ತೆ. ಕಣದಲ್ಲೇ ಶೇ 14ರ ಒಳಗೆ ತನ್ನಿ, ತಿಂಗಳುಗಟ್ಟಲೆ ಇಡೋದಾದರೆ 12ಕ್ಕೆ.

ಈರುಳ್ಳಿ, ಗೊಬ್ಬರ ಇಡೋ ಶೆಡ್ಡಿಗೆ?

ಈರುಳ್ಳಿಗೆ ಮೇಲಿಗಿಂತ ಕೆಳಗಿನ ಗಾಳಿ ಮುಖ್ಯ. ಅಟ್ಟಣೆ ಎತ್ತರಿಸಿ, ಪಕ್ಕದ ಗೋಡೆಯೆಲ್ಲ ಜಾಲಿ ಮಾಡಿ, ಆಮೇಲೆ ದುಡ್ಡು ಉಳಿದರೆ ಗಿರಗಿಟ್ಲೆ. ಯೂರಿಯಾ ತೇವ ಹೀರಿ ಗಟ್ಟಿಯಾಗುತ್ತೆ, ಅದನ್ನು ಗಾಳಿಯಾಡದ ಮೂಲೆಯಲ್ಲಿ ಹಲಗೆ ಮೇಲಿಡಿ. ಕೀಟನಾಶಕದ ಕೋಣೆಗೆ ಮಾತ್ರ ಗಿರಗಿಟ್ಲೆ ಒಳ್ಳೇದು, ವಾಸನೆ ನಿಲ್ಲಲ್ಲ.

ಕಾಳಿಗೆ ಹುಳ ಸಾಯಿಸೋ ಗುಳಿಗೆ ಇಡುವಾಗ ಏನು ಮಾಡಬೇಕು?

ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯಿಂದ ಬರೋ ಗ್ಯಾಸ್ ಮನುಷ್ಯರನ್ನೂ ಕೊಲ್ಲುತ್ತೆ. ಅದನ್ನು ಇಡೋಕೆ ಅನುಮತಿ ಇರುವವರನ್ನೇ ಕರೆಸಿ, ನೀವಾಗಿ ಮುಟ್ಟಬೇಡಿ. ಬಂದವರಿಗೆ ಮೊದಲೇ ಹೇಳಿ, ಮೇಲೆ ತೆರೆದ ಬಾಯಿ ಇದೆ ಅಂತ. ಗ್ಯಾಸ್ ಹೊರಗೆ ಸೋರಿದರೆ ಹುಳ ಸಾಯಲ್ಲ, ಪಕ್ಕದ ಮನೆಯವರಿಗೆ ಅಪಾಯ ಬೇರೆ.

ಹಕ್ಕಿ, ಇಲಿ, ಹೆಜ್ಜೇನು?

ಬಾಯಿಯ ಕೆಳಗೆ ಅರ್ಧ ಇಂಚಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಮೆಶ್ ಬಿಗಿದರೆ ಹಕ್ಕಿ ಬರಲ್ಲ. ಅದಕ್ಕಿಂತ ಸಣ್ಣದು ಬೇಡ, ಜೋಳದ ದೂಳು ಕಟ್ಟಿ ಗಾಳಿಯೇ ನಿಲ್ಲುತ್ತೆ. ಇಲಿ ಬರೋದು ಕೆಳಗಿನ ಕಿಂಡಿಯಿಂದ, ಅಲ್ಲಿಗೂ ಮೆಶ್ ಹಾಕಿ. ಹೆಜ್ಜೇನಿನ ತೊಂದರೆ ನಮಗೆ ಬಂದಿಲ್ಲ. ಕಡಜ ಒಂದು ಸಲ ಬೇಸಿನ ಸಂದಿಯಲ್ಲಿ ಗೂಡು ಕಟ್ಟಿತ್ತು.

ಸದ್ದು ಬರುತ್ತಾ? ಎಣ್ಣೆ ಬಿಡಬೇಕಾ?

ಹೊಸತರಲ್ಲಿ ಸದ್ದಿರಲ್ಲ. ಬೇರಿಂಗ್ ಮುಚ್ಚಿದ ಥರದ್ದು, ಅದರೊಳಗೇ ಗ್ರೀಸ್ ಇರುತ್ತೆ, ಎಣ್ಣೆ ಬಿಟ್ಟರೆ ದೂಳು ಅಂಟಿ ಇನ್ನೂ ಕೆಡುತ್ತೆ. ಕಿರುಗುಟ್ಟೋಕೆ ಶುರುವಾದರೆ ಬೇರಿಂಗ್ ಬದಲಿಸಿ, ಇಡೀ ತಲೆ ಬದಲಿಸಬೇಕು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ ಮೇಲೆ ಹತ್ತಿ ಸ್ಕ್ರೂ, ವಾಷರ್, ಬುಡದ ಅಂಚು ನೋಡಿ ಬನ್ನಿ.

ಬಿರುಗಾಳಿಗೆ ಹಾರಿ ಹೋಗಲ್ವಾ?

ಏಪ್ರಿಲ್, ಮೇ ತಿಂಗಳ ಗಾಳಿಮಳೆಗೆ ಶೀಟುಗಳೇ ಹಾರೋದನ್ನು ನೋಡಿದ್ದೇವೆ. ಪಕ್ಕದ ಚಿತ್ರದುರ್ಗದಲ್ಲಿ ಜೋಗಿಮಟ್ಟಿ ಗುಡ್ಡದ ಮೇಲೆ ವಿದ್ಯುತ್ತಿನ ಗಾಳಿಯಂತ್ರ ನಿಲ್ಲಿಸಿದ್ದಾರೆ ಅಂದರೆ ಈ ಸೀಮೆಯ ಗಾಳಿ ಎಂಥದ್ದು ಅಂತ ಲೆಕ್ಕ ಹಾಕಿ. ಬೇಸಿನ ಸ್ಕ್ರೂ ಬರೀ ಶೀಟಿಗೆ ಕಚ್ಚಿಕೊಂಡಿದ್ದರೆ ಅಪಾಯ. ಕೆಳಗೆ ಎರಡು ಪರ್ಲಿನ್ ನಡುವೆ ಒಂದು ಕಬ್ಬಿಣದ ಆ್ಯಂಗಲ್ ಕೊಟ್ಟು ಬೇಸನ್ನು ಅದಕ್ಕೆ ಬಿಗಿಸಿ. ನಮ್ಮವು ಇದುವರೆಗೆ ಅಲ್ಲಾಡಿಲ್ಲ.

ಎಷ್ಟು ಖರ್ಚಾಯಿತು? ಅದರ ಬದಲು ಎಕ್ಸಾಸ್ಟ್ ಫ್ಯಾನ್ ಹಾಕಬಹುದಿತ್ತಲ್ಲ?

ನಮಗೆ ತಲೆ, ಬೇಸ್, ಕೂಲಿ ಸೇರಿ ಒಂದಕ್ಕೆ ಐದು ಸಾವಿರದ ಹತ್ತಿರ ಬಿತ್ತು. ಕಿಂಡಿ ಒಡೆಸಿ ಜಾಲಿ ಕೂರಿಸೋಕೆ ಬೇರೆ. ಎರಡನೇ ಸಲ ಕೂರಿಸಿದ ಕೂಲಿ, ಏಳು ಚೀಲ ಜೋಳ, ಅದನ್ನು ಲೆಕ್ಕಕ್ಕೆ ತಗೊಂಡಿಲ್ಲ.

ಎಕ್ಸಾಸ್ಟ್ ಫ್ಯಾನ್ ಜಾಸ್ತಿ ಗಾಳಿ ಎಳೆಯುತ್ತೆ, ಅದರಲ್ಲಿ ಎರಡು ಮಾತಿಲ್ಲ. ಒಳಗೆ ದಿನವಿಡೀ ಜನ ಕೆಲಸ ಮಾಡ್ತಾರೆ, ಅಡಿಕೆ ಸುಲೀತಾರೆ ಅಂದರೆ ಅದನ್ನೇ ಹಾಕಿ. ಆದರೆ ತೋಟದ ಶೆಡ್ಡಿಗೆ ಕರೆಂಟ್ ಬರೋದೇ ಯಾವಾಗಲೋ, ಬಂದಾಗ ಹೋಗಿ ಸ್ವಿಚ್ ಹಾಕೋರು ಯಾರು? ಬೀಗ ಹಾಕಿ ವಾರಗಟ್ಟಲೆ ಹೋಗೋ ಜಾಗಕ್ಕೆ ಗಿರಗಿಟ್ಲೆಯೇ ಸರಿ.

ನಾನೇ ಕೂರಿಸಬಹುದಾ?

ವೆಲ್ಡಿಂಗ್ ಶೆಡ್ ಕೆಲಸ ಗೊತ್ತಿರೋರು ಇಬ್ಬರಿದ್ದರೆ ಒಂದಕ್ಕೆ ಅರ್ಧ ದಿನ. ನೀವೇ ಹತ್ತೋದಾದರೆ ಬೆಳಗ್ಗೆ ಇಬ್ಬನಿ ಆರಿದ ಮೇಲೆ, ತಗಡು ಕಾಯೋ ಮುಂಚೆ ಮುಗಿಸಿ. ರಬ್ಬರ್ ಅಟ್ಟೆಯ ಶೂ ಹಾಕಿ, ಸೊಂಟಕ್ಕೆ ಹಗ್ಗ ಕಟ್ಟಿ, ಸ್ಕ್ರೂ ಸಾಲು ಇರೋ ಕಡೆಯೇ ಕಾಲಿಡಿ, ಅದರ ಕೆಳಗೆ ಪರ್ಲಿನ್ ಇರುತ್ತೆ. ಮೇಲೆ ಕರೆಂಟ್ ತಂತಿ ಹಾದು ಹೋಗಿದ್ದರೆ ಲೈನ್‌ಮನ್‌ಗೆ ಹೇಳಿ ಬಂದ್ ಮಾಡಿಸದೆ ಹತ್ತಲೇಬೇಡಿ. ಗಾಳಿ ಇರೋ ದಿನ ಶೀಟ್ ಎತ್ತಿಕೊಂಡು ಏಣಿ ಹತ್ತೋ ಸಾಹಸವೂ ಬೇಡ.

ಪೂಜೆ ಮಾಡಿ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಬಹುದಾ?

ನಗಬೇಡಿ, ನಾಲ್ಕು ಜನ ಕೇಳಿದ್ದಾರೆ. ಅದರಲ್ಲೊಬ್ಬರು ಕೇಳೋ ಮುಂಚೆಯೇ ತಲೆಗೆ ಕಟ್ಟಿಬಿಟ್ಟಿದ್ದರು. ನಿಂಬೆಹಣ್ಣು ಒಂದೇ ಬದಿಗೆ ಜೋತುಬಿದ್ದು, ಗಾಳಿ ಬಂದಾಗಲೆಲ್ಲ ತಲೆ ಕುಂಟಿಕೊಂಡು ತಿರುಗಿ, ತಿಂಗಳೊಳಗೆ ಸದ್ದು ಶುರುವಾಗಿತ್ತು. ಕಟ್ಟಿ, ಬೇಡ ಅನ್ನಲ್ಲ. ಶಟರ್‌ಗೆ ಕಟ್ಟಿ.